ಆ ಮೈನಸ್ ಎಲ್ಲಿಂದ ಬಂತು, ಸರ್?

2020ರ ಮಳೆಗಾಲದ ಒಂದು ರಾತ್ರಿ. ಗಂಟೆ ಹನ್ನೊಂದೂವರೆ ದಾಟಿತ್ತು. ದೀಪ ಆರಿಸಬೇಕು ಅನ್ನುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ನನ್ನ ಬಿಎಸ್ಸಿ ತರಗತಿಯ ಹುಡುಗಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದ್ದಳು. ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು, ಅದರ ನಡುವೆ ಮನೆಯವರಿಗೆ ಎಚ್ಚರವಾಗದಂತೆ ತಗ್ಗಿಸಿದ ದನಿ. ‘ಸರ್, ಎಫ್ ಈಕ್ವಲ್ ಟು ಮೈನಸ್ ಕೆಎಕ್ಸ್ ಅಂತ ಬರ್ದಿದೀರಲ್ಲ, ಆ ಮೈನಸ್ ಎಲ್ಲಿಂದ ಬಂತು? ವಿಡಿಯೊ ಮೂರು ಸಲ ನೋಡ್ದೆ. ಅದೊಂದು ಬಿಟ್ಟು ಎಲ್ಲಾ ಅರ್ಥ ಆಯ್ತು.’

ಅವಳ ಊರಲ್ಲಿ ಹಗಲು ಹೊತ್ತು ನೆಟ್‌ವರ್ಕ್ ಇರುತ್ತಿರಲಿಲ್ಲ. ಅಡಿಕೆ ತೋಟದ ಆಚೆಗಿನ ಗುಡ್ಡ ಹತ್ತಿ, ಕೊಡೆ ಹಿಡಿದು ನಿಂತು, ನಾನು ಗುಂಪಿಗೆ ಹಾಕಿದ ವಿಡಿಯೊ ಇಳಿಸಿಕೊಂಡು ಬರುತ್ತಿದ್ದಳು. ರಾತ್ರಿ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಗೂಗಲ್ ಮೀಟ್‌ನಲ್ಲಿ ಅದೇ ಪಾಠ ಮಾಡಿದ್ದೆ. ತರಗತಿಯ ಮೂರರಲ್ಲೊಂದು ಪಾಲು ಹುಡುಗರು ಸೇರಿಕೊಂಡಿದ್ದರು. ‘ಅರ್ಥ ಆಯ್ತಾ?’ ಎಂದು ಕೇಳಿದಾಗ ಯಾರ ಮೈಕೂ ತೆರೆಯಲಿಲ್ಲ. ಅರ್ಥವಾಗಿದೆ ಎಂದೇ ತಿಳಿದು ಮುಂದಕ್ಕೆ ಹೋಗಿದ್ದೆ.

‘ರೀಫಿಲ್ ಪೆನ್ನಿನ ಒಳಗಿನ ಸ್ಪ್ರಿಂಗ್ ತೆಗಿಯಮ್ಮ. ಒಂದು ತುದಿ ಎಡಗೈಲಿ ಹಿಡ್ಕೊ. ಇನ್ನೊಂದು ತುದೀನ ಬಲಕ್ಕೆ ಎಳಿ. ಬಲಗೈ ಬೆರಳನ್ನ ಅದು ಯಾವ ಕಡೆ ಎಳೀತಿದೆ ನೋಡಿ ಹೇಳು’ ಎಂದು ಹೇಳಿ ಕಳಿಸಿದೆ. ಹತ್ತು ನಿಮಿಷದ ಮೇಲೆ ಉತ್ತರ ಬಂತು. ‘ನಾನು ಬಲಕ್ಕೆ ಎಳೆದ್ರೆ ಅದು ಎಡಕ್ಕೆ ಎಳೀತಿದೆ ಸರ್. ಓ, ಅದೇನಾ ಮೈನಸ್ಸು!’ ಪಿಸುದನಿ ಮರೆತು ಗಟ್ಟಿಯಾಗಿಯೇ ಹೇಳಿದ್ದಳು.

ಆ ಹೊತ್ತಿಗೆ ನಾನು ಪಾಠ ಹೇಳಲು ಶುರು ಮಾಡಿ ಇಪ್ಪತ್ತು ವರ್ಷ ಮೀರಿತ್ತು. ಓವರ್‌ಹೆಡ್ ಪ್ರೊಜೆಕ್ಟರ್, ಪವರ್‌ಪಾಯಿಂಟ್, ಸ್ಮಾರ್ಟ್ ಬೋರ್ಡ್, ಎಲ್ಲವನ್ನೂ ಕಂಡಿದ್ದೆ. ನನ್ನ ಮಾತು ವಿದ್ಯಾರ್ಥಿಯ ಕಿವಿಗೆ ಎಷ್ಟು ಸ್ಪಷ್ಟವಾಗಿ ಮುಟ್ಟುತ್ತದೆ ಎಂಬುದೊಂದನ್ನೇ ಅಳತೆಗೋಲು ಮಾಡಿಕೊಂಡು ಅವನ್ನೆಲ್ಲ ತೂಗುತ್ತಿದ್ದೆ. ಆ ರಾತ್ರಿಯಿಂದಾಚೆಗೆ ಯಾವ ಹೊಸ ಯಂತ್ರ ಬಂದರೂ ಮೊದಲು ಕೇಳುವುದು ಒಂದೇ ಮಾತು: ವಿದ್ಯಾರ್ಥಿಯ ಪ್ರಶ್ನೆ ಇದರಲ್ಲಿ ಯಾವ ದಾರಿಯಿಂದ ವಾಪಸ್ ಬರುತ್ತದೆ?

ವಿಶ್ವವಿದ್ಯಾಲಯಗಳ ಪಾಠ ಕಳೆದ ಅರ್ಧ ಶತಮಾನದಲ್ಲಿ ಅಂಚೆಯಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಯೂಟ್ಯೂಬ್‌ಗೆ, ಅಲ್ಲಿಂದ ಈಗ ಚಾಟ್‌ಬಾಟ್‌ಗೆ ನಡೆದು ಬಂದಿದೆ. ಈ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದು ಆ ದಾರಿಯನ್ನು ನೋಡಿದರೆ ಯಾವುದು ಗೆದ್ದಿತು, ಯಾವುದು ಸೋತಿತು ಎಂಬುದು ಬೇರೆಯೇ ಬಗೆಯಲ್ಲಿ ಕಾಣುತ್ತದೆ.

ಆಕಾಶದಿಂದ ಇಳಿದ ಪಾಠ

ನಮ್ಮ ರಾಜ್ಯಕ್ಕೆ ಈ ಕಥೆ ತೀರ ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತ ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳದು. ಹತ್ತಡಿ ಅಗಲದ ತಂತಿ ಬಲೆಯ ಆಂಟೆನಾ ಕೆಳಗೆ ಊರಿಗೆ ಊರೇ ಕೂತು ಕನ್ನಡದ ಕಾರ್ಯಕ್ರಮ ನೋಡಿತು. ಇಸ್ರೊ ಎಂಜಿನಿಯರುಗಳ ಆ ಸಾಧನೆ ಇವತ್ತಿಗೂ ಮೈ ನವಿರೇಳಿಸುತ್ತದೆ. ಆದರೆ ರಾಯಚೂರಿನ ಹಳ್ಳಿಯ ರೈತ ಎದ್ದು ನಿಂತು ‘ನಮ್ಮ ಹೊಲದ ಎರೆ ಮಣ್ಣಿಗೆ ಈ ಮಾತು ನಡೀತದೇನು?’ ಎಂದು ಕೇಳಿದರೆ ಆ ಪೆಟ್ಟಿಗೆಗೆ ಕೇಳಿಸುತ್ತಿರಲಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಕಂಟ್ರಿವೈಡ್ ಕ್ಲಾಸ್‌ರೂಂ’ ಶುರು ಮಾಡಿತು. ನಾನು ಬಿಎಸ್ಸಿ ಓದುವಾಗ ಹಾಸ್ಟೆಲ್ಲಿನ ಹಾಲ್‌ನಲ್ಲಿ ಕೂತು ಅದನ್ನು ನೋಡಿದವನು. ಪ್ರಯೋಗಾಲಯದಲ್ಲಿ ನಮಗೆ ಕಾಣಸಿಗದ ಉಪಕರಣಗಳನ್ನು ಅಲ್ಲಿ ಕಂಡೆ. ಇಂಗ್ಲಿಷ್ ಅರ್ಧ ಹಿಡಿಯಿತು, ಅರ್ಧ ಜಾರಿತು. ಕೇಳೋಣವೆಂದರೆ ಯಾರನ್ನು ಕೇಳುವುದು? ಆಗಲೇ ಮುಂದಿನ ಕಾರ್ಯಕ್ರಮ ಬಂದಿರುತ್ತಿತ್ತು.

ಇದೇ ಕಾಲಕ್ಕೆ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಜಗತ್ತಿಗೆಲ್ಲ ಮಾದರಿಯಾಗಿತ್ತು. 1963ರಲ್ಲಿ ಹೆರಾಲ್ಡ್ ವಿಲ್ಸನ್ ಅದರ ಕನಸು ಬಿತ್ತಿದಾಗ ಇಟ್ಟುಕೊಂಡಿದ್ದ ಹೆಸರು ‘ಯೂನಿವರ್ಸಿಟಿ ಆಫ್ ದಿ ಏರ್’. 1969ರಲ್ಲಿ ಅದು ಸ್ಥಾಪನೆಯಾಯಿತು, 1971ರಲ್ಲಿ ಪಾಠ ಆರಂಭವಾಯಿತು. ನಡುರಾತ್ರಿಯಲ್ಲಿ ಬಿಬಿಸಿ ಬಿತ್ತರಿಸುತ್ತಿದ್ದ ಅದರ ಪಾಠಗಳದ್ದೇ ಎಲ್ಲೆಡೆ ಮಾತು. ಆ ವಿಶ್ವವಿದ್ಯಾಲಯದ ನಿಜವಾದ ಬೆನ್ನೆಲುಬು ಬೇರೆ ಇತ್ತು. ಪ್ರತಿ ವಿದ್ಯಾರ್ಥಿಗೂ ಒಬ್ಬ ಟ್ಯೂಟರ್. ವಿದ್ಯಾರ್ಥಿ ಬರೆದ ಉತ್ತರ ಅಂಚೆಯಲ್ಲಿ ಅವರ ಮನೆಗೆ ಹೋಗುತ್ತಿತ್ತು. ಎಲ್ಲಿ ಎಡವಿದೆ, ಯಾಕೆ ಎಡವಿದೆ ಎಂದು ಅಂಚಿನಲ್ಲಿ ಬರೆದು ಅವರು ವಾಪಸ್ ಕಳಿಸುತ್ತಿದ್ದರು. 2006ರ ಡಿಸೆಂಬರಿನಲ್ಲಿ ಬಿಬಿಸಿಯ ಆ ರಾತ್ರಿ ಪಾಠಗಳು ನಿಂತವು. ವಿಶ್ವವಿದ್ಯಾಲಯ ನಿಲ್ಲಲಿಲ್ಲ, ಟ್ಯೂಟರುಗಳು ಇದ್ದರು.

ನಮ್ಮಲ್ಲಿ 1969ರಷ್ಟು ಹಿಂದೆಯೇ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು. 1996ರಲ್ಲಿ ಅದರಿಂದಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಬಸ್ ಕಂಡಕ್ಟರುಗಳು, ಅಂಗನವಾಡಿ ಕಾರ್ಯಕರ್ತೆಯರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು ಅದರ ಸಿದ್ಧಪಾಠಗಳನ್ನು ಓದಿ ಪದವಿ ಪಡೆದಿದ್ದಾರೆ. ಸಂಪರ್ಕ ತರಗತಿಗೆ ರಜೆ ಹಾಕಿ ಬಂದವರು ಹಾಳೆಯಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದರು. ವರ್ಷವಿಡೀ ಕೂಡಿಟ್ಟ ಪ್ರಶ್ನೆಗಳವು. ಆ ಕೆಲವು ದಿನಗಳೇ ಅವರಿಗೆ ವಿಶ್ವವಿದ್ಯಾಲಯ.

ಮರುದನಿಗೆ ಉಪಗ್ರಹದಲ್ಲೇ ಜಾಗ ಮಾಡಿದ್ದು ಎಜುಸ್ಯಾಟ್. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಅದು ಶಿಕ್ಷಣಕ್ಕೆಂದೇ ಭಾರತ ಕಟ್ಟಿದ ಉಪಗ್ರಹ. ಅದರ ಮೊದಲ ಪ್ರಯೋಗಗಳಿಗೆ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಸ್ಟುಡಿಯೊದಲ್ಲಿ ಒಬ್ಬ ಪ್ರಾಧ್ಯಾಪಕರು ಪಾಠ ಮಾಡುತ್ತಿದ್ದರೆ ದೂರದ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಮೈಕ್ ಹಿಡಿದು ಪ್ರಶ್ನೆ ಕೇಳಬಹುದಿತ್ತು. ನೂರಾರು ಮಂದಿ ಕೂತಿರುವಾಗ ಗಂಟೆಗೆ ನಾಲ್ಕೋ ಐದೋ ಪ್ರಶ್ನೆಗೆ ಮಾತ್ರ ಜಾಗ ಸಿಗುವುದು. ಆದರೂ ಮರುದನಿಗೊಂದು ಬಾಗಿಲು ಬೇಕು ಎಂದು ಮೊದಲೇ ಯೋಚಿಸಿ ಇಟ್ಟಿದ್ದರಲ್ಲ, ಅದು ದೊಡ್ಡ ಮಾತು. 2010ರಲ್ಲಿ ಆ ಉಪಗ್ರಹದ ಆಯಸ್ಸು ಮುಗಿಯಿತು.

ಲಕ್ಷದ ಲೆಕ್ಕ

2012ರ ಮಾರ್ಚ್‌ನಲ್ಲಿ ಅಮೆರಿಕದ ಎಂಐಟಿ ವಿದ್ಯುತ್ ಮಂಡಲಗಳ ಕುರಿತ ಒಂದು ಕೋರ್ಸನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆಯಿತು. ಮುಂದೆ ಹಾರ್ವರ್ಡ್ ಜತೆ ಸೇರಿ ಎಡ್‌ಎಕ್ಸ್ ಸಂಸ್ಥೆಯಾದದ್ದು ಇದೇ ಬೀಜ. ಅದರ ಮುಂದಾಳು ಅನಂತ್ ಅಗರ್‌ವಾಲ್ ಬೆಳೆದದ್ದು ನಮ್ಮ ಮಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಿದ್ದು ಮದ್ರಾಸ್ ಐಐಟಿಯಲ್ಲಿ. ಆ ಮೊದಲ ಕೋರ್ಸಿಗೆ ಹೆಸರು ಕೊಟ್ಟವರು ಸುಮಾರು 1 ಲಕ್ಷ 55 ಸಾವಿರ ಮಂದಿ. ಕೊನೆ ಮುಟ್ಟಿ ಪ್ರಮಾಣಪತ್ರ ಪಡೆದವರು 7,157.

ಈ ಎರಡು ಅಂಕಿಗಳನ್ನು ಜಗತ್ತು ಎರಡು ಬಗೆಯಲ್ಲಿ ಓದಿತು. ನೂರಕ್ಕೆ ಐದು ಮಂದಿಯೂ ಮುಗಿಸಲಿಲ್ಲ ಎಂದರು ಕೆಲವರು. ಏಳು ಸಾವಿರ ಮಂದಿಗೆ ಕಲಿಸಲು ಒಂದು ಕಾಲೇಜಿಗೆ ಎಷ್ಟು ವರ್ಷ ಬೇಕು ಲೆಕ್ಕ ಹಾಕಿ ಎಂದರು ಉಳಿದವರು. ನನಗೆ ಇವೆರಡಕ್ಕಿಂತ ಮುಖ್ಯವೆನಿಸಿದ್ದು ಆ ಕೋರ್ಸಿನ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2013ರಲ್ಲಿ ಬರೆದ ಒಂದು ಸಂಗತಿ. ಪರದೆಯ ಆಚೆಗೆ, ತನ್ನ ಊರಲ್ಲೇ, ಜತೆಗೆ ಓದುವವರೊಬ್ಬರೋ ವಿಷಯ ಬಲ್ಲವರೊಬ್ಬರೋ ಸಿಕ್ಕಿದ ವಿದ್ಯಾರ್ಥಿಯ ಅಂಕ ಒಬ್ಬಂಟಿ ವಿದ್ಯಾರ್ಥಿಯ ಅಂಕಕ್ಕಿಂತ ಹೆಚ್ಚು ಕಡಿಮೆ ಮೂರು ಅಂಕದಷ್ಟು ಮೇಲಿರುತ್ತದೆ ಎಂದು ಅವರು ಕಂಡುಕೊಂಡರು. ಎಂಐಟಿಯಂಥ ಕಡೆ, ಇಷ್ಟೆಲ್ಲ ತಂತ್ರಾಂಶ ಕಟ್ಟಿದ ಮೇಲೂ, ಪಕ್ಕದಲ್ಲಿ ಕೂತವರು ತಮ್ಮ ಕೆಲಸ ಮಾಡಿದ್ದರು.

ಅದೇ 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿ ಗಣಿತದ ಮೂರು ಕೋರ್ಸುಗಳನ್ನು ಉಡಾಸಿಟಿ ಕಂಪನಿಯ ಜತೆ ಸೇರಿ ಆನ್‌ಲೈನಿನಲ್ಲಿ ನಡೆಸಿತು. ಗಣಿತದಲ್ಲಿ ಮೊದಲೇ ಹಿಂದೆ ಬಿದ್ದವರೂ ಅದರಲ್ಲಿದ್ದರು. ಕೆಲವು ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ ಎಂಬುದು ಗೊತ್ತಾದದ್ದು ಕೋರ್ಸು ಶುರುವಾದ ಮೇಲೆ. ತರಗತಿಯಲ್ಲಿ ಕಲಿತವರಿಗಿಂತ ಇಲ್ಲಿ ಪಾಸಾದವರು ಕಡಿಮೆ. ಜುಲೈ ಹೊತ್ತಿಗೆ ವಿಶ್ವವಿದ್ಯಾಲಯ ಅದಕ್ಕೆ ವಿರಾಮ ಹಾಕಿತು. ಮುಂದಿರುವವರನ್ನು ಇನ್ನೂ ಮುಂದಕ್ಕೆ ಒಯ್ಯುವುದು ಈ ವಿಡಿಯೊಗಳಿಗೆ ಸುಲಭ. ಹಿಂದೆ ಉಳಿದವರಿಗೆ ಬೇಕಾದದ್ದು ಬೇರೆ.

ನಮ್ಮ ಎನ್‌ಪಿಟಿಇಎಲ್ ಇವೆಲ್ಲಕ್ಕಿಂತ ಮೊದಲು ಹುಟ್ಟಿದ್ದು ಎಂಬುದನ್ನು ನಾವೇ ಮರೆಯುತ್ತೇವೆ. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕೇಂದ್ರ ಸರ್ಕಾರದ ಹಣದಲ್ಲಿ ಇದನ್ನು ಶುರು ಮಾಡಿದ್ದು 2003ರಲ್ಲಿ. ಮೊದಲ ಹತ್ತು ವರ್ಷ ಅದೊಂದು ಭಂಡಾರ. ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ಪ್ರಾಧ್ಯಾಪಕರು, ಒಂದು ವಿಷಯಕ್ಕೆ ನಲವತ್ತರಷ್ಟು ಪಾಠ. ಯಾವ ಹೊಳಪೂ ಇಲ್ಲದ ಆ ವಿಡಿಯೊಗಳನ್ನು ನೋಡಿ ಎಷ್ಟೋ ಅಧ್ಯಾಪಕರು, ನಾನೂ ಸೇರಿ, ಮರುದಿನದ ಪಾಠ ತಯಾರು ಮಾಡಿಕೊಂಡಿದ್ದೇವೆ. ಅದಕ್ಕೆ ನಾನು ಋಣಿ.

2014ರಲ್ಲಿ ಅದು ಪ್ರಮಾಣಪತ್ರ ಕೊಡಲು ತೊಡಗಿದಾಗ ಚಿತ್ರ ಬದಲಾಯಿತು. ವಾರಕ್ಕೊಂದು ಅಸೈನ್‌ಮೆಂಟ್, ಅದಕ್ಕೊಂದು ಕೊನೆಯ ದಿನ, ಪ್ರಶ್ನೆ ಹಾಕಲು ಒಂದು ವೇದಿಕೆ. ಕೋರ್ಸು ಬಿಟ್ಟಿ, ಪರೀಕ್ಷೆಗೆ ಮಾತ್ರ ಶುಲ್ಕ. ಅಂತಿಮ ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಬರೆಯಬೇಕು. ನೂರರಲ್ಲಿ 25 ಅಂಕ ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಉದ್ಘಾಟನೆಯಾದ ಮೇಲೆ ಎನ್‌ಪಿಟಿಇಎಲ್ ಅದರೊಳಗೆ ಸೇರಿತು. ಇಂಥ ಕೋರ್ಸುಗಳ ಕ್ರೆಡಿಟ್ಟನ್ನು ಪದವಿಗೆ ಸೇರಿಸಿಕೊಳ್ಳಲು ಅನುದಾನ ಆಯೋಗ 2016ರಲ್ಲಿ ನೂರಕ್ಕೆ 20ರವರೆಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಅದನ್ನು 40ಕ್ಕೆ ಏರಿಸಿತು. ಅಂದರೆ ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಕಲಿಯುವುದರ ಐದರಲ್ಲಿ ಎರಡು ಪಾಲನ್ನು ತನ್ನ ಕಾಲೇಜಿನ ಹೊರಗಿನಿಂದ ಪಡೆಯುವ ದಾರಿ ಕಾಗದದ ಮೇಲೆ ಈಗ ತೆರೆದಿದೆ.

ಎನ್‌ಪಿಟಿಇಎಲ್ಲಿನ ಕಾಣದ ಬಲ ಇರುವುದು ‘ಲೋಕಲ್ ಚಾಪ್ಟರ್’ ಎಂಬ ಏರ್ಪಾಟಿನಲ್ಲಿ. ಒಂದು ಕಾಲೇಜು ಹೆಸರು ನೋಂದಾಯಿಸಿದರೆ ಅಲ್ಲೊಬ್ಬ ಅಧ್ಯಾಪಕರು ಸಂಪರ್ಕಕ್ಕೆ ಸಿಗುತ್ತಾರೆ, ಒಂದೊಂದು ಕೋರ್ಸಿಗೆ ಮಾರ್ಗದರ್ಶಕರಿರುತ್ತಾರೆ. ಬಹಳ ಕಡೆ ಇದು ಹೆಸರಿಗೆ ನಡೆಯುತ್ತದೆ. ಎಷ್ಟು ಪ್ರಮಾಣಪತ್ರ ಬಂತು ಎಂದು ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ವರದಿಯಲ್ಲಿ ತುಂಬಲು ಒಂದು ಅಂಕಿ ಸಿಕ್ಕರೆ ಮುಗಿಯಿತು. ನಿಜವಾಗಿ ನಡೆದ ಕಡೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬುಧವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದೆವು. ಗೋಡೆಯ ಮೇಲೆ ಐಐಟಿ ಪ್ರಾಧ್ಯಾಪಕರ ಪಾಠ. ಮೊದಲ ವಾರ ವಿಡಿಯೊ ಪೂರ್ತಿ ಓಡಿಸಿದೆ. ಎಲ್ಲರೂ ಬರೆದುಕೊಂಡರು, ಯಾರೂ ಮಾತಾಡಲಿಲ್ಲ. ಎರಡನೇ ವಾರ ಕಂಪ್ಯೂಟರಿನ ಕೀಲಿಮಣೆಯನ್ನು ಹುಡುಗರ ಕೈಗೆ ಕೊಟ್ಟು, ‘ಗೊತ್ತಾಗದ ಕಡೆ ನಿಲ್ಸಿ’ ಎಂದೆ. ಮೊದಲ ಅರ್ಧ ತಾಸು ಯಾರೂ ಮುಟ್ಟಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಸ್ಪೇಸ್ ಬಾರ್ ಒತ್ತಿದ. ‘ಸರ್, ಈ ಸಾಲಿಂದ ಆ ಸಾಲಿಗೆ ಹೆಂಗೆ ಹೋದ್ರು?’ ಐಐಟಿಯವರು ಒಂದು ಮೆಟ್ಟಿಲು ಹಾರಿದ್ದರು. ಅಲ್ಲಿನ ಮಕ್ಕಳಿಗೆ ಅದು ಗೊತ್ತಿರುತ್ತದೆ, ಇಲ್ಲಿನವರಿಗೆ ಗೊತ್ತಿರಲಿಲ್ಲ. ಆ ಒಂದು ಮೆಟ್ಟಿಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿಂದ ಮುಂದೆ ನಲವತ್ತು ನಿಮಿಷದ ವಿಡಿಯೊ ಮುಗಿಯಲು ಎರಡು ತಾಸು ಬೇಕಾಗುತ್ತಿತ್ತು. ಆ ತಂಡದ ಹುಡುಗರು ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಬೆಳಗಿನ ಮೊದಲ ಬಸ್ಸು ಹಿಡಿದು ಹೋದರು.

ಸಮಯ ಎಂಬ ಅಡ್ಡಿ

ಬ್ರಿಟನ್ನಿನಲ್ಲಿ ‘ಯುಸಿಸಾ’ ಎಂಬ ಸಂಘಟನೆ 2001ರಿಂದ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಅಲ್ಲಿನ ಎಲ್ಲ ವಿಶ್ವವಿದ್ಯಾಲಯಗಳನ್ನೂ ಕೇಳುತ್ತ ಬಂದಿದೆ: ಕಲಿಕೆಗೆ ಯಾವ ತಂತ್ರಜ್ಞಾನ ಬಳಸುತ್ತೀರಿ, ಯಾಕೆ ಬಳಸುತ್ತೀರಿ, ಅಡ್ಡಿ ಏನು? ಇಷ್ಟು ದೀರ್ಘ ಕಾಲ ಒಂದೇ ಪ್ರಶ್ನೆಯನ್ನು ಬೆನ್ನು ಹತ್ತಿದ ಸಮೀಕ್ಷೆಗಳು ಅಪರೂಪ. ಮೊದಮೊದಲು ಬ್ಲ್ಯಾಕ್‌ಬೋರ್ಡ್ ಎಂಬ ಕಲಿಕಾ ತಂತ್ರಾಂಶ, ಆಮೇಲೆ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಎಲ್ಲರಿಗೂ ಮುಕ್ತವಾದ ಮೂಡಲ್, ಅದರ ಹಿಂದೆ ಕೃತಿಚೌರ್ಯ ಹಿಡಿಯುವ ತಂತ್ರಾಂಶ, ತರಗತಿಯ ಪಾಠವನ್ನೇ ರೆಕಾರ್ಡ್ ಮಾಡಿಡುವ ವ್ಯವಸ್ಥೆ, ಹೀಗೆ ಸಾಧನಗಳು ಸಾಲಾಗಿ ಬಂದವು. ಅಡ್ಡಿ ಏನು ಎಂಬ ಪ್ರಶ್ನೆಗೆ ಸಮೀಕ್ಷೆಯಿಂದ ಸಮೀಕ್ಷೆಗೆ ಮೇಲೆ ನಿಂತ ಉತ್ತರ ಒಂದೇ: ಅಧ್ಯಾಪಕರಿಗೆ ಸಮಯವಿಲ್ಲ. ಹಣದ ಕೊರತೆಯನ್ನೂ ಅದು ಹಿಂದಿಕ್ಕಿದೆ. ಶ್ರೀಮಂತ ದೇಶದಲ್ಲಿ ಹೀಗಾದರೆ ನಮ್ಮ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ತಂತ್ರಜ್ಞಾನ ಮೊದಲು ಬರುವುದು ಕಚೇರಿಗೆ. ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಅಂಕಪಟ್ಟಿ ಎಲ್ಲವೂ ಆನ್‌ಲೈನ್ ಆದವು. ಕೊರೊನಾ ಬಂದ ಮೇಲೆ ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಟ್ಯಾಬ್ ಹಂಚಿದರು, ಪಾಠಗಳನ್ನು ಏರಿಸಿಡಲು ಒಂದು ವ್ಯವಸ್ಥೆಯನ್ನೂ ಕಟ್ಟಿದರು. ಒಳ್ಳೆಯ ಕೆಲಸ. ಅದರ ಹಿಂದಿನ ನೆಲ ಎಷ್ಟು ಗಟ್ಟಿ ಎಂಬುದಕ್ಕೆ ಕೇಂದ್ರ ಸರ್ಕಾರದ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ಸಾಕ್ಷಿ. ಆಗ ಗ್ರಾಮೀಣ ಭಾರತದ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಲ್ಲಿ. ಅಂತರ್ಜಾಲದ ಸೌಲಭ್ಯ ಇದ್ದದ್ದು ನೂರಕ್ಕೆ 14.9ರಲ್ಲಿ. ಇದಾದ ಎರಡೇ ವರ್ಷಕ್ಕೆ ಇಡೀ ದೇಶದ ಕಾಲೇಜುಗಳು ಪರದೆಯೊಳಕ್ಕೆ ಹೋದವು. ನನ್ನ ವಿದ್ಯಾರ್ಥಿನಿ ಕೊಡೆ ಹಿಡಿದು ಗುಡ್ಡ ಹತ್ತಿದ್ದು ಈ ಅಂಕಿಯ ಒಳಗಿನಿಂದ.

ಆಮೇಲೆ ಫೋನು ಎಲ್ಲರ ಕೈಗೂ ಬಂತು, ಡೇಟಾ ಅಗ್ಗವಾಯಿತು. ಈಗ ನಾವು ಎಣಿಸುವುದು ಏನನ್ನು? ನೋಂದಣಿ ಎಷ್ಟು, ವಿಡಿಯೊ ಎಷ್ಟು, ಸ್ಮಾರ್ಟ್ ತರಗತಿ ಎಷ್ಟು, ಪ್ರಮಾಣಪತ್ರ ಎಷ್ಟು. ಎಷ್ಟು ಪ್ರಶ್ನೆ ಬಂತು, ಎಷ್ಟಕ್ಕೆ ಉತ್ತರ ಹೋಯಿತು, ಎಷ್ಟು ದಿನದಲ್ಲಿ ಹೋಯಿತು, ಯಾವ ಭಾಷೆಯಲ್ಲಿ ಹೋಯಿತು ಎಂದು ಕೇಳುವ ಕಲಂ ನಾನು ತುಂಬಿದ ಒಂದು ನಮೂನೆಯಲ್ಲೂ ಇರಲಿಲ್ಲ. ಭಾಷೆಯ ಮಾತಂತೂ ಬಹಳ ದೊಡ್ಡದು. ಎನ್‌ಪಿಟಿಇಎಲ್ ಪಾಠಗಳ ಪಠ್ಯ ಈಗ ಕನ್ನಡಕ್ಕೂ ಬರುತ್ತಿದೆ, ಅದು ಸ್ವಾಗತಾರ್ಹ. ಆದರೆ ಪಾಠ ಕನ್ನಡದಲ್ಲಿ ಸಿಕ್ಕಿ, ಪ್ರಶ್ನೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು ಎಂದಾದರೆ ನಮ್ಮ ಮಕ್ಕಳು ಪ್ರಶ್ನೆಯನ್ನೇ ನುಂಗಿಕೊಳ್ಳುತ್ತಾರೆ. ‘ಆ ಮೈನಸ್ ಎಲ್ಲಿಂದ ಬಂತು’ ಎಂಬುದನ್ನು ಅವಳು ಇಂಗ್ಲಿಷಿನಲ್ಲಿ ಬರೆಯಬೇಕಾಗಿದ್ದರೆ ಆ ರಾತ್ರಿ ನನ್ನ ಫೋನು ಸುಮ್ಮನೇ ಇರುತ್ತಿತ್ತು.

ಉತ್ತರ ಸಿಕ್ಕಿತು, ಪ್ರಶ್ನೆ ಎಲ್ಲಿ ಹೋಯಿತು?

ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಅಶೋಕ್ ಗೋಯಲ್ ಎಂಬ ಪ್ರಾಧ್ಯಾಪಕರ ಆನ್‌ಲೈನ್ ಕೋರ್ಸಿಗೆ ಸುಮಾರು 300 ಮಂದಿ ವಿದ್ಯಾರ್ಥಿಗಳಿದ್ದರು. ಒಂದು ಸೆಮಿಸ್ಟರಿಗೆ ಹತ್ತು ಸಾವಿರದಷ್ಟು ಸಂದೇಶ ಬರುತ್ತಿತ್ತು. ಯಾವ ಮನುಷ್ಯನಿಗೂ ಉತ್ತರಿಸಿ ಮುಗಿಸಲಾಗದ ರಾಶಿ. 2016ರಲ್ಲಿ ಅವರು ‘ಜಿಲ್ ವಾಟ್ಸನ್’ ಎಂಬ ಹೆಸರಿನ ಒಂದು ಕೃತಕ ಸಹಾಯಕಿಯನ್ನು ಕೂರಿಸಿದರು. ಗಡುವು ಯಾವಾಗ, ಯಾವ ರೂಪದಲ್ಲಿ ಸಲ್ಲಿಸಬೇಕು ಎಂಬಂಥ ದಿನನಿತ್ಯದ ಪ್ರಶ್ನೆಗಳಿಗೆ ಅದು ಉತ್ತರ ಕೊಟ್ಟಿತು. ಅದು ಯಂತ್ರ ಎಂಬುದು ಸೆಮಿಸ್ಟರ್ ಮುಗಿಯುವ ತನಕ ಹುಡುಗರಿಗೆ ತಿಳಿಯಲಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಂಥ ಸಹಾಯಕಿ ಪ್ರತಿ ವಿದ್ಯಾರ್ಥಿಯ ಜೇಬಿಗೂ ಬಂದಿದೆ.

ನಾನು ಇದನ್ನು ಹಳಿಯುವವನಲ್ಲ. ಸೈಟ್ ಕಾಲದಿಂದ ಇಕ್ಕಟ್ಟಾಗಿದ್ದ ಪ್ರಶ್ನೆಯ ದಾರಿ ಮೊದಲ ಬಾರಿಗೆ ಹೆದ್ದಾರಿಯಾಗಿದೆ. ನಡುರಾತ್ರಿ ಹನ್ನೆರಡಕ್ಕೆ, ನಾಚಿಕೆಯಿಲ್ಲದೆ, ಕನ್ನಡದಲ್ಲೇ ಕೇಳಬಹುದು. ನಮ್ಮ ಹುಡುಗಿಯರು ತರಗತಿಯಲ್ಲಿ ಎದ್ದು ನಿಂತು ಕೇಳಲು ಹಿಂಜರಿದ ಎಷ್ಟೋ ಸಂಗತಿಗಳನ್ನು ಅದರ ಹತ್ತಿರ ಕೇಳುತ್ತಿದ್ದಾರೆ. ತಪ್ಪು ಉತ್ತರವನ್ನೂ ಅದು ಸರಿಯುತ್ತರದಷ್ಟೇ ನಂಬುಗೆಯಿಂದ ಹೇಳುತ್ತದೆ, ಅದು ಎಲ್ಲರಿಗೂ ಗೊತ್ತಿರುವ ತೊಂದರೆ. ದಿನ ಕಳೆದಂತೆ ಕಡಿಮೆಯೂ ಆದೀತು.

ನನಗೆ ದಿಗಿಲು ಇರುವುದು ಬೇರೆ ಕಡೆ. ಆ ಪ್ರಶ್ನೆ ಈಗ ನನ್ನ ಹತ್ತಿರ ಬರುವುದಿಲ್ಲ. 2020ರವರೆಗೆ ನಾನು ಸರಳ ಆವರ್ತ ಚಲನೆಯ ಪಾಠದಲ್ಲಿ ಮೈನಸ್ ಚಿಹ್ನೆಯನ್ನು ಒಂದೇ ಮಾತಿನಲ್ಲಿ ದಾಟಿ ಹೋಗುತ್ತಿದ್ದೆ. ಆ ಹುಡುಗಿ ಕೇಳಿದ ಮೇಲೆ ಅದೇ ಪಾಠವನ್ನು ಪೆನ್ನಿನ ಸ್ಪ್ರಿಂಗಿನಿಂದ ಶುರು ಮಾಡುತ್ತಿದ್ದೇನೆ. ಮೊದಲ ಹತ್ತು ನಿಮಿಷ ತರಗತಿ ತುಂಬ ಕಿಟಿಕಿಟಿ ಸದ್ದು, ಸ್ಪ್ರಿಂಗು ಹಾರಿ ಬೆಂಚಿನ ಕೆಳಗೆ ಹುಡುಕುವ ಗಲಾಟೆ. ಅವಳೊಬ್ಬಳ ಪ್ರಶ್ನೆಯಿಂದ ಅಲ್ಲಿಂದೀಚೆಗಿನ ಪ್ರತಿ ತಂಡಕ್ಕೂ ಪಾಠ ಸುಧಾರಿಸಿತು. ಅವತ್ತು ಅವಳು ಅದನ್ನು ಯಂತ್ರಕ್ಕೆ ಕೇಳಿದ್ದರೆ ಅವಳಿಗೆ ಉತ್ತರ ಸಿಗುತ್ತಿತ್ತು, ನನಗೆ ಪಾಠ ಸಿಗುತ್ತಿರಲಿಲ್ಲ. ಯಾವ ಮೆಟ್ಟಿಲಲ್ಲಿ ಮಕ್ಕಳು ಎಡವುತ್ತಾರೆ ಎಂಬ ತಿಳಿವಳಿಕೆ ಅಧ್ಯಾಪಕರ ಕೈತಪ್ಪಿ, ದೂರದ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಕೂಡಿಬೀಳುತ್ತಿದೆ. ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ನಾನು ಈಗ ಒಂದು ಸಣ್ಣ ಕೆಲಸ ಮಾಡುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ತರಗತಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡುತ್ತೇನೆ. ಕಳೆದ ವಾರ ಫೋನಿಗೆ ಕೇಳಿದ ಪ್ರಶ್ನೆಗಳನ್ನು ಹೆಸರು ಹಾಕದೆ ಅದರಲ್ಲಿ ಬರೆಯಬೇಕು. ಉತ್ತರ ಬೇಡ, ಪ್ರಶ್ನೆ ಸಾಕು. ಮೊದಲ ವಾರ ಎರಡು ಬಂದವು. ಈಗ ಪುಟ ತುಂಬುತ್ತದೆ.

ಅಧ್ಯಾಪಕ ಮಿತ್ರರೇ, ಅಂಥದ್ದೊಂದು ನೋಟ್‌ಬುಕ್ ನಿಮ್ಮ ತರಗತಿಯಲ್ಲೂ ಇಡಿ. ವಿಶ್ವವಿದ್ಯಾಲಯಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಇನ್ನೂ ಒಂದಿದೆ. ಸಹಾಯಕ ಪ್ರಾಧ್ಯಾಪಕರ ವಾರದ ಬೋಧನೆಯ ಕಾರ್ಯಭಾರ 16 ಗಂಟೆ ಎಂದು ನಿಯಮ ಹೇಳುತ್ತದೆ. ಅತಿಥಿ ಉಪನ್ಯಾಸಕರ ಸಂಬಳವಂತೂ ಗಂಟೆಗಳ ಲೆಕ್ಕದ ಮೇಲೇ ನಿಂತಿದೆ. ಆ ಗಂಟೆಗಳಲ್ಲಿ ಎರಡನ್ನು ವಿದ್ಯಾರ್ಥಿಗಳ ಪ್ರಶ್ನೆಗೆಂದೇ ವೇಳಾಪಟ್ಟಿಯಲ್ಲಿ ಬರೆದು ಕೊಡಿ. ಅದಕ್ಕೆ ಹೊಸ ಯಂತ್ರ ಬೇಡ, ಹೊಸ ಟೆಂಡರ್ ಬೇಡ. ಮುಂದಿನ ಸೆಮಿಸ್ಟರಿನಿಂದಲೇ ಮಾಡಬಹುದು.